ಸಾವಯವ ದಿನಸಿ: ಹೆಚ್ಚು ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ?

ರಸಗೊಬ್ಬರ, ಕೃತಕ ಕೀಟನಾಶಕ, ಕಳೆನಾಶಕ ಮತ್ತು ಕುಲಾಂತರಿ ಬೀಜ ಬಳಸದೆ ಬೆಳೆದ ಅಕ್ಕಿ, ಬೇಳೆ, ಸಿರಿಧಾನ್ಯ, ಬೆಲ್ಲ, ಎಣ್ಣೆ, ಮಸಾಲೆ ಸಾಮಾನುಗಳಿಗೆ ಸಾವಯವ ದಿನಸಿ ಎನ್ನುತ್ತೇವೆ. ಸಂಸ್ಕರಣೆ, ದಾಸ್ತಾನಿನಲ್ಲೂ ಅದೇ ಕಟ್ಟುಪಾಡು ಪಾಲನೆಯಾಗಿರಬೇಕು. ನಮ್ಮ ನಗರಗಳ ಅಂಗಡಿಗಳಲ್ಲಿ ಇವುಗಳ ಬೆಲೆ ಸಾಮಾನ್ಯ ದಿನಸಿಗಿಂತ ಹೆಚ್ಚು. ಕೆಲವಕ್ಕೆ ಕಾಲುಭಾಗ ಹೆಚ್ಚಾದರೆ ಕೆಲವಕ್ಕೆ ದುಪ್ಪಟ್ಟು. ತಿಂಗಳ ಸಾಮಾನಿನ ಚೀಟಿ ಬರೆಯಲು ಕೂತ ಯಾವ ಮನೆಯಲ್ಲಾದರೂ ಏಳುವ ಪ್ರಶ್ನೆ ಒಂದೇ: ಇಷ್ಟು ಹೆಚ್ಚು ಕೊಡುವುದು ಸಾರ್ಥಕವೇ?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಯಾವ ಪದಾರ್ಥ, ಯಾರಿಂದ, ಎಷ್ಟು ಕೈ ದಾಟಿ ಬಂದದ್ದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ನಾವು ಕೊಡುವ ಹೆಚ್ಚುವರಿ ಹಣದಲ್ಲಿ ದೊಡ್ಡ ಪಾಲು ಬೆಳೆದವರಿಗೆ ಮುಟ್ಟಿದಾಗ, ಮತ್ತು ಸಿಂಪಡಣೆ ನಿಜಕ್ಕೂ ಹೆಚ್ಚಿರುವ ಬೆಳೆಗೆ ಆ ಹಣ ಹೋದಾಗ, ಸಾವಯವ ಸಾರ್ಥಕವಾಗುತ್ತದೆ.

ಕಾನೂನು ಯಾವುದನ್ನು ಸಾವಯವ ಎನ್ನುತ್ತದೆ

ಭಾರತದಲ್ಲಿ ಸಾವಯವ ದೃಢೀಕರಣಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಕೇಂದ್ರ ವಾಣಿಜ್ಯ ಸಚಿವಾಲಯದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ, ಅಂದರೆ ಎನ್‌ಪಿಒಪಿ. 2001ರಿಂದ ಜಾರಿಯಲ್ಲಿರುವ ಇದರ ಹೊಣೆ ಕೃಷಿ ರಫ್ತು ಅಭಿವೃದ್ಧಿಯ ಪ್ರಾಧಿಕಾರವಾದ ಅಪೆಡಾದ್ದು. ರೈತನಿಗೂ ಗ್ರಾಹಕನಿಗೂ ಸೇರದ ಮೂರನೆಯ ಸಂಸ್ಥೆಯೊಂದು ಹೊಲಕ್ಕೆ ಬಂದು, ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತದೆ. ನಮ್ಮಲ್ಲಿ ಈ ಕೆಲಸಕ್ಕೆ ಖಾಸಗಿ ಸಂಸ್ಥೆಗಳ ಜೊತೆಗೆ ಸರ್ಕಾರದ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಇದೆ.

ಎರಡನೆಯದು 2011ರಲ್ಲಿ ಕೇಂದ್ರ ಕೃಷಿ ಸಚಿವಾಲಯ ಆರಂಭಿಸಿದ ಪಿಜಿಎಸ್ ಇಂಡಿಯಾ. ಅಕ್ಕಪಕ್ಕದ ರೈತರು, ಕನಿಷ್ಠ ಐವರು, ಗುಂಪು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ ಪರಸ್ಪರ ಖಾತರಿ ನೀಡುವ ಪದ್ಧತಿ ಇದು. ಖರ್ಚು ಕಡಿಮೆ, ಆದ್ದರಿಂದ ಸಣ್ಣ ಹಿಡುವಳಿದಾರರಿಗೆ ಅನುಕೂಲ. ಪರಿವರ್ತನೆಯ ಹಂತದಲ್ಲಿರುವ ಹೊಲದ ಬೆಳೆಗೆ ಪಿಜಿಎಸ್ ಗ್ರೀನ್, ಪೂರ್ತಿ ಸಾವಯವವಾದ ಮೇಲೆ ಪಿಜಿಎಸ್ ಆರ್ಗ್ಯಾನಿಕ್ ಎಂಬ ಗುರುತು ಸಿಗುತ್ತದೆ.

ಮಾರಾಟದ ಮೇಲೆ ಕಣ್ಣಿಡುವುದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ. ಅದರ 2017ರ ಸಾವಯವ ಆಹಾರ ನಿಯಮಗಳ ಪ್ರಕಾರ, ಸಾವಯವ ಎಂದು ಹೇಳಿ ಮಾರುವ ಆಹಾರಕ್ಕೆ ಈ ಎರಡರಲ್ಲಿ ಒಂದು ದೃಢೀಕರಣ ಇರಬೇಕು. ಗ್ರಾಹಕರಿಗೆ ಗುರುತು ಹತ್ತಲೆಂದು ಜೈವಿಕ ಭಾರತ್ ಎಂಬ ಚಿಹ್ನೆಯನ್ನೂ ಪ್ರಾಧಿಕಾರ ತಂದಿದೆ. ವರ್ಷಕ್ಕೆ 12 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿರುವ ಸಣ್ಣ ಬೆಳೆಗಾರ ನೇರವಾಗಿ ಬಳಕೆದಾರರಿಗೇ ಮಾರಿದರೆ ಈ ಕಡ್ಡಾಯ ಇಲ್ಲ, ಆದರೆ ಆತ ಆ ಚಿಹ್ನೆಯನ್ನು ಬಳಸುವಂತಿಲ್ಲ. ಸಂತೆಯಲ್ಲಿ ಚಿಹ್ನೆಯಿಲ್ಲದ ಚೀಲ ಕಂಡ ಮಾತ್ರಕ್ಕೆ ಮೋಸ ಎಂದುಕೊಳ್ಳಬೇಕಾಗಿಲ್ಲ. ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ ಮೇಲೆ ಅದು ಕಾಣದಿದ್ದರೆ ಮಾತ್ರ ಪ್ರಶ್ನೆ ಕೇಳಲೇಬೇಕು.

ಹೊಲದಲ್ಲೇ ಏರುವ ಬೆಲೆ

ಮೊದಲ ಖರ್ಚು ಕಾಯುವಿಕೆಯದು. ಎನ್‌ಪಿಒಪಿ ನಿಯಮದಂತೆ ರಾಗಿ, ಭತ್ತ, ತೊಗರಿಯಂಥ ವಾರ್ಷಿಕ ಬೆಳೆಗೆ ಬಿತ್ತನೆಗೆ ಮುಂಚೆ ಕನಿಷ್ಠ 2 ವರ್ಷ, ಕಾಫಿ, ತೆಂಗು, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಮೊದಲ ಸಾವಯವ ಕೊಯ್ಲಿಗೆ ಮುಂಚೆ ಕನಿಷ್ಠ 3 ವರ್ಷ ಪರಿವರ್ತನೆಯ ಅವಧಿ ಇರಬೇಕು. ಆ ವರ್ಷಗಳಲ್ಲಿ ರೈತ ಸಾವಯವದ ಕಷ್ಟವನ್ನೆಲ್ಲ ಪಡುತ್ತಾನೆ, ಸಾವಯವದ ಬೆಲೆ ಮಾತ್ರ ಅವನಿಗೆ ಸಿಗುವುದಿಲ್ಲ. ಬಹಳ ಮಂದಿ ಕೈಬಿಡುವುದು ಇದೇ ಹಂತದಲ್ಲಿ.

ಎರಡನೆಯದು ಇಳುವರಿ. 2012ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಸಾವಯವ ಇಳುವರಿ ಬೆಳೆ ಮತ್ತು ನಿರ್ವಹಣೆಗೆ ತಕ್ಕಂತೆ ಶೇ 5ರಿಂದ ಶೇ 34ರವರೆಗೆ ಕಡಿಮೆ. ಎಕರೆಗೆ 20 ಕ್ವಿಂಟಲ್ ಬರುತ್ತಿದ್ದ ಭತ್ತ 16ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಖರ್ಚು ಒಂದು ರೂಪಾಯಿಯೂ ಏರದಿದ್ದರೂ, ಹಿಂದಿನಷ್ಟೇ ದುಡ್ಡು ಕೈಗೆ ಬರಬೇಕಾದರೆ ಕ್ವಿಂಟಲ್‌ಗೆ ಶೇ 25ರಷ್ಟು ಹೆಚ್ಚು ಬೆಲೆ ಸಿಗಬೇಕು. ರಾಜಮುಡಿ, ರತ್ನಚೂಡಿ, ಗಂಧಸಾಲೆಯಂಥ ನಾಟಿ ತಳಿಗಳ ಇಳುವರಿ ಹೈಬ್ರಿಡ್ ತಳಿಗಳಿಗಿಂತ ಮೊದಲೇ ಕಡಿಮೆ. ಸಾವಯವ ಅಂಗಡಿಯ ಅಕ್ಕಿಗೆ ಬೆಲೆ ಹೆಚ್ಚಿರುವುದಕ್ಕೆ ಅದೂ ಒಂದು ಕಾರಣ.

ಮೂರನೆಯದು ಕೂಲಿ. ಕಳೆನಾಶಕ ಹೊಡೆದರೆ ಒಂದು ದಿನದಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ಎಡೆಕುಂಟೆ ಹೊಡೆಯಬೇಕು, ಆಳು ಹಚ್ಚಿ ಕಳೆ ಕೀಳಿಸಬೇಕು. ಕೊಟ್ಟಿಗೆ ಗೊಬ್ಬರ ಹೊರಬೇಕು, ಜೀವಾಮೃತ ಕಲಸಬೇಕು. ಮನೆಯಲ್ಲಿ ದನ ಇರುವವರಿಗೆ ಗೊಬ್ಬರದ ಖರ್ಚು ಹಗುರ. ದನ ಮಾರಿಕೊಂಡವರು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ ಕೊಂಡು ತರಬೇಕು.

ಇಷ್ಟಾದರೂ ರೈತನಿಗೆ ಬೇಕಾದ ಹೆಚ್ಚುವರಿ ಬೆಲೆ ನಾವು ಊಹಿಸುವಷ್ಟು ದೊಡ್ಡದಲ್ಲ. ಐದು ಖಂಡಗಳ 55 ಬೆಳೆಗಳ ಲೆಕ್ಕ ಹಾಕಿ 2015ರಲ್ಲಿ ಪ್ರಕಟವಾದ ಕ್ರೌಡರ್ ಮತ್ತು ರೆಗನೋಲ್ಡ್ ಅವರ ಅಧ್ಯಯನ, ಸಾವಯವ ಕೃಷಿ ಲಾಭದಲ್ಲಿ ಸಾಮಾನ್ಯ ಕೃಷಿಯನ್ನು ಸರಿಗಟ್ಟಲು ಶೇ 5ರಿಂದ 7ರಷ್ಟು ಹೆಚ್ಚುವರಿ ಬೆಲೆ ಸಾಕು ಎಂದಿತು. ರೈತರಿಗೆ ಸಿಗುತ್ತಿದ್ದ ಹೆಚ್ಚುವರಿ ಬೆಲೆ ಸುಮಾರು ಶೇ 30. ಈ ಲೆಕ್ಕದಲ್ಲಿ ಪಾಶ್ಚಾತ್ಯ ದೇಶಗಳ ಹೊಲಗಳೇ ಹೆಚ್ಚು, ಅದನ್ನು ಹಾಗೆಯೇ ನಮ್ಮೂರಿಗೆ ಅನ್ವಯಿಸಲಾಗದು. ಆದರೂ ಒಂದು ಸೂಚನೆ ಅದರಲ್ಲಿದೆ: ಅಂಗಡಿಯಲ್ಲಿ ಬೆಲೆ ದುಪ್ಪಟ್ಟಾಗಿದ್ದರೆ, ಆ ಏರಿಕೆಯ ಬಹುಪಾಲು ಹೊಲ ದಾಟಿದ ಮೇಲೆ ಆದದ್ದು.

ಹೊಲದಿಂದ ಅಂಗಡಿಗೆ

ಹೊಲ ದಾಟಿದ ಮೇಲಿನ ಮೊದಲ ಖರ್ಚು ಬೇರೆ ಇಡುವುದರದ್ದು. ಸಾವಯವ ತೊಗರಿಯನ್ನು ಬೇರೆ ತೊಗರಿಯ ಜೊತೆ ಬೆರೆಸುವಂತಿಲ್ಲ. ಬೇರೆ ಚೀಲ, ಬೇರೆ ದಾಸ್ತಾನು, ಗಿರಣಿಯಲ್ಲಿ ಬೇರೆ ಸರದಿ, ಅದಕ್ಕೆ ಮುಂಚೆ ಯಂತ್ರ ಶುಚಿ ಮಾಡುವ ಕೆಲಸ. ಹತ್ತು ಟನ್ ಬೇಳೆ ಒಟ್ಟಿಗೆ ಒಡೆಸುವವರಿಗೂ ಹತ್ತು ಚೀಲ ಒಡೆಸುವವರಿಗೂ ಕಿಲೋಗೆ ಬೀಳುವ ಖರ್ಚು ಒಂದೇ ಆಗಲು ಸಾಧ್ಯವಿಲ್ಲ.

ಸಿರಿಧಾನ್ಯಗಳಲ್ಲಿ ಇದು ಎದ್ದು ಕಾಣುತ್ತದೆ. ನವಣೆ, ಸಾಮೆ, ಹಾರಕ, ಊದಲು, ಕೊರಲೆಗಳ ಸಿಪ್ಪೆ ಗಟ್ಟಿ, ಕಾಳು ಸಣ್ಣದು. ಸಿಪ್ಪೆ, ನುಚ್ಚು ಕಳೆದು ಅಕ್ಕಿಯಾಗುವಾಗ ತೂಕ ಸಾಕಷ್ಟು ಇಳಿಯುತ್ತದೆ. ರೈತ ಮಾರಿದ ನವಣೆಯ ಬೆಲೆಯನ್ನೂ ಅಂಗಡಿಯ ನವಣೆ ಅಕ್ಕಿಯ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡುವಾಗ ಈ ನಷ್ಟವನ್ನು ಮರೆಯಬಾರದು.

ದಾಸ್ತಾನಿನದು ಇನ್ನೊಂದು ಖರ್ಚು. ಸಾಮಾನ್ಯ ಗೋದಾಮಿನಲ್ಲಿ ಹುಳ ಕೊಲ್ಲಲು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಹೊಗೆ ಹಾಕುತ್ತಾರೆ. ಸಾವಯವಕ್ಕೆ ಅದು ನಿಷಿದ್ಧ. ಗಾಳಿ ತೆಗೆದ ಪ್ಯಾಕೆಟ್, ಬೇಗಬೇಗ ಖಾಲಿಯಾಗುವ ಸಣ್ಣ ದಾಸ್ತಾನು, ಹುಳ ಬಿದ್ದು ಎಸೆದ ಮಾಲು ಎಲ್ಲವೂ ಕೊನೆಗೆ ಬೆಲೆಗೆ ಸೇರುತ್ತವೆ. ಪ್ರಮಾಣಪತ್ರದ ಶುಲ್ಕ, ಪ್ರಯೋಗಾಲಯದ ಪರೀಕ್ಷೆ, ಬ್ರ್ಯಾಂಡಿನ ಜಾಹೀರಾತು, ಅಂಗಡಿಯ ಬಾಡಿಗೆ ಇವೆಲ್ಲ ಅದರ ಮೇಲೆ. 2022ರ ಜುಲೈಯಿಂದ 25 ಕಿಲೋವರೆಗಿನ ಲೇಬಲ್ ಹಚ್ಚಿದ ಪ್ಯಾಕೆಟ್ ಧಾನ್ಯ, ಬೇಳೆಗೆ ಶೇ 5 ಜಿಎಸ್‌ಟಿಯೂ ಬಂತು. ಬಿಡಿಯಾಗಿ ತೂಗಿ ಕೊಟ್ಟರೆ ಆ ತೆರಿಗೆ ಇಲ್ಲ.

ಸಾಮಾನ್ಯ ದಿನಸಿ ಅಗ್ಗವಾಗಿರುವುದು ಹೇಗೆ

ಸಾವಯವ ದುಬಾರಿ ಎನ್ನುವಾಗ ಎದುರಿನ ತಕ್ಕಡಿಯಲ್ಲಿರುವ ಬೆಲೆಯೂ ಪೂರ್ತಿ ಬೆಲೆಯಲ್ಲ. ರೈತನಿಗೆ 45 ಕಿಲೋ ಯೂರಿಯಾ ಚೀಲ ಸಿಗುವುದು ತೆರಿಗೆ ಮತ್ತು ಬೇವು ಲೇಪನದ ವೆಚ್ಚ ಬಿಟ್ಟು 242 ರೂಪಾಯಿಗೆ. ತಯಾರಿಕೆ, ಆಮದಿನ ಖರ್ಚು ಇದರ ಹಲವು ಪಟ್ಟು. ವ್ಯತ್ಯಾಸವನ್ನು ಕೇಂದ್ರ ಸರ್ಕಾರ ತುಂಬುತ್ತದೆ. ಜಾಗತಿಕ ಬೆಲೆ ಏರಿದ್ದ 2022–23ರಲ್ಲಿ ರಸಗೊಬ್ಬರ ಸಹಾಯಧನ ಸುಮಾರು 2.5 ಲಕ್ಷ ಕೋಟಿ ರೂಪಾಯಿ ಮುಟ್ಟಿತ್ತು. ಅಕ್ಕಿ ಬೇಳೆಯ ಬೆಲೆಯ ಒಂದು ಭಾಗವನ್ನು ನಾವು ಅಂಗಡಿಯಲ್ಲಿ ಕೊಡದೆ ತೆರಿಗೆಯಾಗಿ ಕೊಡುತ್ತಿದ್ದೇವೆ. ಹಟ್ಟಿಗೊಬ್ಬರ ಹಾಕಿ, ಹಸಿರೆಲೆ ಮಣ್ಣಿಗೆ ಸೇರಿಸುವ ರೈತನ ಬೆನ್ನಿಗೆ ಅಷ್ಟು ದೊಡ್ಡ ನೆರವು ನಿಂತಿಲ್ಲ. ಇಬ್ಬರ ಬೆಳೆಯ ಬೆಲೆ ಹೋಲಿಸುವಾಗ ಈ ಅಸಮಾನತೆ ನೆನಪಿನಲ್ಲಿರಬೇಕು.

ತಿನ್ನುವವರ ಆರೋಗ್ಯ: ಅಧ್ಯಯನಗಳ ಮಾತು

ಸಾವಯವ ಆಹಾರದಲ್ಲಿ ಪೋಷಕಾಂಶ ಹೆಚ್ಚೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತ ಇಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ 237 ಅಧ್ಯಯನಗಳನ್ನು ಪರಿಶೀಲಿಸಿ, ಪೋಷಕಾಂಶದಲ್ಲಿ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ ಎಂದಿತು. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2014ರಲ್ಲಿ 343 ಪ್ರಬಂಧಗಳನ್ನು ಒಟ್ಟುಗೂಡಿಸಿದ ಇನ್ನೊಂದು ವಿಶ್ಲೇಷಣೆ, ಸಾವಯವ ಬೆಳೆಗಳಲ್ಲಿ ಆಂಟಿಆಕ್ಸಿಡೆಂಟ್‌ಗಳು ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಎಂದು ಕಂಡಿತು. ಎರಡೂ ಒಪ್ಪಿದ ಸಂಗತಿ ಒಂದೇ: ಕೀಟನಾಶಕದ ಶೇಷ ಸಾವಯವದಲ್ಲಿ ಕಡಿಮೆ.

ಕ್ಯಾನ್ಸರ್ ವಿಷಯದಲ್ಲೂ ಉತ್ತರ ಸ್ಪಷ್ಟವಾಗಿಲ್ಲ. ಸುಮಾರು 69,000 ಮಂದಿಯನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲಿ, ಸಾವಯವವನ್ನು ಅತಿ ಹೆಚ್ಚು ತಿನ್ನುವವರಲ್ಲಿ ಕ್ಯಾನ್ಸರ್ ಪ್ರಮಾಣ ಸುಮಾರು ಶೇ 25 ಕಡಿಮೆ ಇತ್ತು. 2014ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮಾಹಿತಿ ನೋಡಿದ ಬ್ರಿಟನ್ನಿನ ಅಧ್ಯಯನದಲ್ಲಿ ಒಟ್ಟಾರೆ ಕ್ಯಾನ್ಸರ್ ಕಡಿಮೆಯಾದದ್ದು ಕಾಣಲಿಲ್ಲ. ಸಾವಯವ ಕೊಳ್ಳುವವರು ಸಾಮಾನ್ಯವಾಗಿ ಸ್ಥಿತಿವಂತರು, ಆರೋಗ್ಯದ ಬಗ್ಗೆ ಎಚ್ಚರ ಇರುವವರು. ಅವರ ಆರೋಗ್ಯಕ್ಕೆ ಊಟವೊಂದೇ ಕಾರಣ ಎಂದು ಬಿಡಿಸಿ ಹೇಳುವುದು ಕಷ್ಟ.

ಸಾವಯವ ಎಂದರೆ ಸಿಂಪಡಣೆಯೇ ಇಲ್ಲ ಎಂದೂ ಅಲ್ಲ. ಬೇವಿನ ಕಷಾಯಕ್ಕೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಂಥ ತಾಮ್ರದ ಔಷಧಿಗೆ ಮಿತಿಯೊಳಗೆ ಅನುಮತಿ ಇದೆ. ಪಕ್ಕದ ಹೊಲದ ಸಿಂಪಡಣೆ ಗಾಳಿಯಲ್ಲಿ ತೇಲಿ ಬರುವುದೂ ಉಂಟು. ಶೇಷ ಕಡಿಮೆ ಎನ್ನಬಹುದು, ಸೊನ್ನೆ ಎನ್ನಲಾಗದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾವಯವವೇ ಬೇಕೆಂದು ಹಟ ಹಿಡಿದು, ಬೆಲೆಗೆ ಹೆದರಿ ಮನೆಯಲ್ಲಿ ಸೊಪ್ಪು ತರಕಾರಿಯನ್ನೇ ಕಡಿಮೆ ಮಾಡಿದರೆ ಆರೋಗ್ಯಕ್ಕೆ ನಷ್ಟವೇ. ಸಾಮಾನ್ಯ ತರಕಾರಿಯನ್ನು ಹರಿಯುವ ನೀರಿನಲ್ಲಿ ತಿಕ್ಕಿ ತೊಳೆದು ಧಾರಾಳವಾಗಿ ತಿನ್ನುವುದು ಅದಕ್ಕಿಂತ ಎಷ್ಟೋ ಒಳ್ಳೆಯದು. ಗಿಡದೊಳಕ್ಕೇ ಇಳಿಯುವ ಔಷಧಿ ತೊಳೆದರೆ ಹೋಗುವುದಿಲ್ಲ, ಮೇಲ್ಮೈಯ ಶೇಷ ಬಹಳಷ್ಟು ಹೋಗುತ್ತದೆ.

ಬೆಳೆಯುವವರ ಆರೋಗ್ಯ

ಊಟದ ತಟ್ಟೆಗೆ ಬರುವ ಶೇಷದ ಪ್ರಮಾಣ ಮಿಲಿಗ್ರಾಂ ಲೆಕ್ಕದ್ದು. ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿನ ನಡುವೆ ನಡೆಯುವವರ ಮೈಮೇಲೆ ಬೀಳುವುದು ಅದಕ್ಕೆ ಹೋಲಿಸಲಾಗದಷ್ಟು ಹೆಚ್ಚು. 2017ರಲ್ಲಿ ಮಹಾರಾಷ್ಟ್ರದ ಯವತ್‌ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ರೈತರು, ಕೂಲಿಕಾರರಲ್ಲಿ 20ಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು. ಕನ್ನಡ ನೆಲದಲ್ಲಿ ಇದರ ನೋವು ಎಂಡೋಸಲ್ಫಾನ್ ರೂಪದಲ್ಲಿದೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಸುತ್ತಿನಲ್ಲೂ ಗಡಿಯಾಚೆ ಕಾಸರಗೋಡಿನಲ್ಲೂ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕ ಸುರಿಯಲಾಗಿತ್ತು. ಅಂಗವೈಕಲ್ಯ, ನರರೋಗಗಳಿಂದ ನರಳುವ ಮಕ್ಕಳನ್ನು ಎತ್ತಿ ಸಾಕುತ್ತಿರುವ ತಾಯಂದಿರು ಆ ಊರುಗಳಲ್ಲಿ ಇಂದಿಗೂ ಇದ್ದಾರೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಯಿತು.

ಸಾವಯವ ದಿನಸಿಯ ಮೌಲ್ಯವನ್ನು ನಮ್ಮ ರಕ್ತಪರೀಕ್ಷೆಯಲ್ಲಷ್ಟೇ ಹುಡುಕುವುದು ಅದಕ್ಕಾಗಿಯೇ ಸಾಲದು. ಕೂಲಿ ಹೆಂಗಸಿನ ಉಸಿರು, ಊರಿನ ಬಾವಿಯ ನೀರು, ಜೇನುನೊಣ, ಎರೆಹುಳು, ಮಣ್ಣಿನ ಸಾರ ಇವೆಲ್ಲ ಆ ಬೆಲೆಯೊಳಗೆ ಸೇರಿವೆ.

ಮೊದಲು ಯಾವುದನ್ನು ಕೊಳ್ಳಬೇಕು

ಎಲ್ಲವನ್ನೂ ಸಾವಯವ ಕೊಳ್ಳುವ ಶಕ್ತಿ ಇಲ್ಲದವರು ಆಯ್ಕೆ ಮಾಡಬೇಕು. ಆಯ್ಕೆಗೆ ಆಧಾರ, ಆ ಬೆಳೆಗೆ ಎಷ್ಟು ಔಷಧಿ ಬೀಳುತ್ತದೆ ಎಂಬುದು.

ಮೆಣಸಿನಕಾಯಿ ಪಟ್ಟಿಯ ಮೇಲ್ಗಡೆ ಇರಲಿ. ಥ್ರಿಪ್ಸ್ ನುಸಿ, ಎಲೆ ಮುದುರು ರೋಗದ ಕಾಟಕ್ಕೆ ಈ ಬೆಳೆಗೆ ಮತ್ತೆ ಮತ್ತೆ ಸಿಂಪಡಿಸುತ್ತಾರೆ, ಕಾಯಿಯನ್ನು ತೊಳೆಯದೆ ಒಣಗಿಸಿ ಪುಡಿ ಮಾಡುತ್ತಾರೆ. ಮನೆಗೆ ತಿಂಗಳಿಗೆ ಬೇಕಾಗುವುದು ಸ್ವಲ್ಪವೇ ಆದ್ದರಿಂದ ಬೆಲೆ ಹೆಚ್ಚಿದ್ದರೂ ಹೊರೆ ಕಡಿಮೆ. ದ್ರಾಕ್ಷಿ, ಹೂಕೋಸು, ಎಲೆಕೋಸು, ದಪ್ಪ ಮೆಣಸಿನಕಾಯಿ, ಬದನೆ, ಹಸಿಯಾಗಿ ತಿನ್ನುವ ಕೊತ್ತಂಬರಿ, ಕರಿಬೇವು ಇದೇ ಗುಂಪಿಗೆ ಸೇರುತ್ತವೆ. ಮಕ್ಕಳು ದಿನವೂ ತಿನ್ನುವ ಪದಾರ್ಥಕ್ಕೂ ಆದ್ಯತೆ ಕೊಡಬಹುದು.

ರಾಗಿ ಮತ್ತು ಸಿರಿಧಾನ್ಯ ಇನ್ನೊಂದು ತುದಿ. ಮಳೆಯಾಶ್ರಿತ ರಾಗಿಗೆ ಗೊಬ್ಬರ ಹಾಕುತ್ತಾರೆ, ಕೀಟನಾಶಕ ಹೊಡೆಯುವುದು ಅಪರೂಪ. ಇಲ್ಲಿ ಸಾವಯವ ಚೀಟಿಗೆ ದುಪ್ಪಟ್ಟು ಕೊಟ್ಟು ಪಡೆಯುವ ಶೇಷದ ಲಾಭ ಅಲ್ಪ. ಊರಿನ ಪರಿಚಯದ ರೈತರಿಂದ ಮೂಟೆ ರಾಗಿ ತರಿಸಿ ಗಿರಣಿಯಲ್ಲಿ ಬೀಸಿಸಿಕೊಂಡರೆ ಸಾಕು.

ಔಷಧಿಯೇ ಕಾಣದ, ಚೀಟಿಯೂ ಇಲ್ಲದ ಆಹಾರ ನಮ್ಮ ಸುತ್ತ ಇನ್ನೂ ಇದೆ. ಹಿತ್ತಲಿನ ಹಲಸು, ಬಾಳೆದಿಂಡು, ನುಗ್ಗೆಸೊಪ್ಪು, ಬಸಳೆ, ಒಂದೆಲಗ, ಹೊನಗೊನ್ನೆ, ಹೊಲದ ಬದುವಿನ ಬೆರಕೆ ಸೊಪ್ಪು. ಹಣ ಕಡಿಮೆ ಇರುವ ಮನೆಗೂ ಎಟುಕುವ ಸಾವಯವ ಇದು.

ಚೀಟಿ ಓದುವ ಬಗೆ

ಪ್ಯಾಕೆಟ್ ಮೇಲೆ ಆಹಾರ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ, ಜೈವಿಕ ಭಾರತ್ ಚಿಹ್ನೆ, ಎನ್‌ಪಿಒಪಿಯ ಇಂಡಿಯಾ ಆರ್ಗ್ಯಾನಿಕ್ ಅಥವಾ ಪಿಜಿಎಸ್ ಗುರುತು, ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಹೆಸರು ನೋಡಿ. ಹಲವು ಪದಾರ್ಥ ಬೆರೆಸಿದ ಆಹಾರವನ್ನು ಎನ್‌ಪಿಒಪಿಯಲ್ಲಿ ಸಾವಯವ ಎನ್ನಬೇಕಾದರೆ ಶೇ 95ರಷ್ಟಾದರೂ ಸಾವಯವ ಮೂಲದ್ದಾಗಿರಬೇಕು. ನೈಸರ್ಗಿಕ, ಶುದ್ಧ, ನಾಟಿ, ಗಾಣದ, ಪಾಲಿಶ್ ಮಾಡದ ಎಂಬ ಮಾತುಗಳು ಒಳ್ಳೆಯ ಗುಣಗಳನ್ನೇ ಹೇಳುತ್ತಿರಬಹುದು, ಸಾವಯವಕ್ಕೆ ಸಾಕ್ಷಿಯಾಗುವುದಿಲ್ಲ. ಯೂರಿಯಾ ಹಾಕಿ ಬೆಳೆದ ಶೇಂಗಾವನ್ನೂ ಮರದ ಗಾಣದಲ್ಲಿ ಅರೆಯಬಹುದು.

ಬೆಲ್ಲ ಇದಕ್ಕೆ ಒಳ್ಳೆಯ ಉದಾಹರಣೆ. ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಬೆಲ್ಲಕ್ಕೆ ಹಳದಿ ಬಣ್ಣ ಬರಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದುಂಟು. ಅದನ್ನು ಹಾಕದ ಬೆಲ್ಲ ಕಂದು ಬಣ್ಣದ್ದು, ಅದನ್ನು ರಾಸಾಯನಿಕ ರಹಿತ ಬೆಲ್ಲ ಎಂದು ಮಾರುತ್ತಾರೆ. ಕೊಳ್ಳಲು ಯೋಗ್ಯವಾದದ್ದೇ. ಆದರೆ ಕಬ್ಬು ಬೆಳೆದದ್ದು ರಸಗೊಬ್ಬರದಲ್ಲಿ ಆಗಿದ್ದರೆ ಅದು ಸಾವಯವ ಬೆಲ್ಲವಲ್ಲ, ಸಾವಯವದ ಬೆಲೆ ಅದಕ್ಕೆ ಸಲ್ಲದು.

ಚೀಟಿಯಲ್ಲೂ ಮೋಸ ನಡೆದದ್ದುಂಟು. ದೃಢೀಕರಣದ ಮೇಲ್ವಿಚಾರಣೆ ಸಾಲದೆಂದು ಅಮೆರಿಕ 2021ರಲ್ಲಿ ಭಾರತದ ವ್ಯವಸ್ಥೆಗೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂದಕ್ಕೆ ಪಡೆಯಿತು. ನಿಯಮ ಗಟ್ಟಿಯಾಗಬೇಕು, ಜೊತೆಗೆ ಬೆಳೆದವರ ಪರಿಚಯವೂ ಬೆಳೆಯಬೇಕು.

ಎಲ್ಲಿ ಕೊಂಡರೆ ಹಗುರ

ಕೈಗಳು ಕಡಿಮೆಯಾದಷ್ಟೂ ಬೆಲೆ ಇಳಿಯುತ್ತದೆ, ರೈತನ ಪಾಲು ಏರುತ್ತದೆ. 2004ರಷ್ಟು ಹಿಂದೆಯೇ ಸಾವಯವ ಕೃಷಿ ನೀತಿ ತಂದ ಕರ್ನಾಟಕದಲ್ಲಿ ಇಂಥ ದಾರಿಗಳು ಹಲವಿವೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಜೈವಿಕ್ ಕೃಷಿಕ್ ಸೊಸೈಟಿಯ ಮಳಿಗೆ ಇದೆ. ದೇಸಿ ಬೀಜ ಉಳಿಸುವ ಸಹಜ ಸಮೃದ್ಧ ಬಳಗದವರು ರೈತರದೇ ಉತ್ಪಾದಕ ಕಂಪನಿ ಕಟ್ಟಿ ಅಕ್ಕಿ, ಸಿರಿಧಾನ್ಯ ಮಾರುತ್ತಾರೆ. ಮಂಗಳೂರಿನ ಸಾವಯವ ಕೃಷಿಕ ಗ್ರಾಹಕ ಬಳಗದ ಭಾನುವಾರದ ಸಂತೆಯಲ್ಲಿ ಬೆಳೆದವರೇ ಎದುರು ನಿಂತು ಮಾರುತ್ತಾರೆ. ರಾಜ್ಯದ ಪ್ರಾಂತೀಯ ಸಾವಯವ ಕೃಷಿಕರ ಸಂಘಗಳ ಒಕ್ಕೂಟಗಳೂ ಇದೇ ಕೆಲಸದಲ್ಲಿವೆ.

ಅಪಾರ್ಟ್‌ಮೆಂಟಿನ ಅಥವಾ ಬೀದಿಯ ಹತ್ತು ಮನೆಯವರು ಸೇರಿ ಸುಗ್ಗಿಯ ಹೊತ್ತಿಗೆ ಅಕ್ಕಿ, ತೊಗರಿಬೇಳೆ ಮೂಟೆಯಾಗಿ ತರಿಸಿ ಹಂಚಿಕೊಂಡರೆ ಪ್ಯಾಕೆಟ್, ಜಾಹೀರಾತು, ಅಂಗಡಿ ಬಾಡಿಗೆಯ ಖರ್ಚೆಲ್ಲ ಉಳಿಯುತ್ತದೆ. ಮೂಟೆ ತಂದಮೇಲೆ ಕಾಪಾಡಬೇಕು. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪು, ಒಣಮೆಣಸಿನಕಾಯಿ ಅಥವಾ ಬಜೆ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡುವುದು, ಬೇಳೆಕಾಳಿಗೆ ಹರಳೆಣ್ಣೆ ಸವರುವುದು ನಮ್ಮ ಮನೆಗಳಲ್ಲಿ ರೂಢಿಯಲ್ಲಿದ್ದ ಕ್ರಮಗಳೇ. ಹುಳ ಬಿದ್ದು ಎಸೆದ ಎರಡು ಕಿಲೋ ಬೇಳೆ, ಉಳಿಸಿದ ಹಣವನ್ನೆಲ್ಲ ನುಂಗಿಬಿಡುತ್ತದೆ.

ಎಲ್ಲರಿಗೂ ಎಟುಕುವುದೇ

2022–23ರ ರಾಷ್ಟ್ರೀಯ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಹಳ್ಳಿಯಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 3,773 ರೂಪಾಯಿ, ಪಟ್ಟಣದಲ್ಲಿ 6,459 ರೂಪಾಯಿ. ಅದರಲ್ಲಿ ಊಟಕ್ಕೇ ಹೋಗುವುದು ಹಳ್ಳಿಯಲ್ಲಿ ಶೇ 46, ಪಟ್ಟಣದಲ್ಲಿ ಶೇ 39. ಇಷ್ಟರಲ್ಲಿ ಬದುಕುವ ಮನೆಗೆ ದಿನಸಿಗೆ ದುಪ್ಪಟ್ಟು ಬೆಲೆ ಕೊಡಿ ಎಂದು ಹೇಳುವುದು ಅನ್ಯಾಯ. ಸಾವಯವ ಕೊಳ್ಳದವರನ್ನು ಹೀಗಳೆಯುವುದೂ ತಪ್ಪು.

ಅವಸರವೂ ಸಲ್ಲದು. ಶ್ರೀಲಂಕಾ 2021ರ ಏಪ್ರಿಲ್‌ನಲ್ಲಿ ರಸಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿತು. ಇಳುವರಿ ಕುಸಿದು, ರೈತರು ಬೀದಿಗಿಳಿದು, ಅದೇ ವರ್ಷದ ನವೆಂಬರಿನಲ್ಲಿ ನಿರ್ಧಾರವನ್ನು ಬದಲಿಸಬೇಕಾಯಿತು. ಸಿಕ್ಕಿಂ 2003ರಿಂದ ಹಂತಹಂತವಾಗಿ ನಡೆದು 2016ರಲ್ಲಿ ಪೂರ್ಣ ಸಾವಯವ ರಾಜ್ಯವೆಂದು ಘೋಷಿಸಿಕೊಂಡಿತು. ಮಣ್ಣಿಗೂ ರೈತನಿಗೂ ಹೊಂದಿಕೊಳ್ಳಲು ವರ್ಷಗಳು ಬೇಕು.

ಆ ವರ್ಷಗಳಲ್ಲಿ ರೈತನಿಗೆ ಬೇಕಾದದ್ದು ಖಚಿತವಾಗಿ ಕೊಳ್ಳುವವರು. ಅನುಕೂಲ ಇರುವ ಮನೆಗಳು ಎಲ್ಲವನ್ನೂ ಒಮ್ಮೆಗೇ ಬದಲಿಸಲು ಹೋಗದೆ, ಒಂದೋ ಎರಡೋ ಪದಾರ್ಥ ಆರಿಸಿಕೊಂಡು, ಬೆಳೆದವರನ್ನು ಗೊತ್ತುಮಾಡಿಕೊಂಡು, ಬೆಲೆ ಮೊದಲೇ ಮಾತಾಡಿ, ಪ್ರತಿ ಸುಗ್ಗಿಗೂ ಅವರಲ್ಲೇ ಕೊಳ್ಳಲಿ. ಪರಿವರ್ತನೆಯ ಹಂತದಲ್ಲಿರುವ ಪಿಜಿಎಸ್ ಗ್ರೀನ್ ಬೆಳೆಯನ್ನೂ ಕೊಳ್ಳಲಿ. ಮಾರಾಟದ ಭರವಸೆ ಇದ್ದ ರೈತ ಕಡಿಮೆ ಬೆಲೆಗೂ ಕೊಡಬಲ್ಲ. ಕೊಳ್ಳುವವರು ಹೆಚ್ಚಿದಂತೆ ಗಿರಣಿ, ಸಾಗಣೆಯ ಖರ್ಚು ಹಂಚಿಹೋಗುತ್ತದೆ, ಇಂದು ಕೊಳ್ಳಲಾಗದ ಮನೆಗೂ ಬೆಲೆ ಹತ್ತಿರ ಬರುತ್ತದೆ.